ಗೇರು ಹಾಕಿದವಳ ಫಿಯಟ್ಟು

ಗೌರಿ ಹಬ್ಬದ ಬೆಳಿಗ್ಗೆ ಬಸ್ ಕಂಡಕ್ಟರೊಬ್ಬ ಹೊಣಕೆರೆಯಲ್ಲಿ ಇಳಿಸಿ ಹೋದ ಚೀಲವನ್ನು ಕರೀಗೌಡ ಹೆಗಲ ಮೇಲೆ ಹೊತ್ತು ತಂದು ಜಗಲಿಗೆ ಇಳಿಸಿದ. ಅವನ ಹೆಂಡತಿ ದೊಡ್ಡತಾಯಮ್ಮ ಚೀಲದ ಬಾಯಿ ಬಿಚ್ಚಿ ನೋಡಿದಳು. ಒಳಗೆ ಎರಡು ಜೊತೆ ಮೊರ. ಒಂದಕ್ಕೆ ಅರಕೆರೆಯ ತಮ್ಮನ ಮನೆಯ ಹಸಿರು ರವಿಕೆ ಕಣ, ಇನ್ನೊಂದಕ್ಕೆ ಕೆ.ಆರ್. ಪೇಟೆಯ ತಮ್ಮನ ಮನೆಯ ಹಳದಿ ಕಣ. ತವರಿನಿಂದ ಹೆಣ್ಣುಮಗಳಿಗೆ ಬರುವ ಗೌರಿ ಬಾಗಿನ.

ಬಾಗಿನ ಬಂದದ್ದೇನೂ ಹೊಸದಲ್ಲ. ಪ್ರತಿ ವರ್ಷವೂ ಬರುತ್ತಿತ್ತು. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಅವು ಒಂದೇ ಚೀಲದಲ್ಲಿ ಬಂದದ್ದಿಲ್ಲ. ದೊಡ್ಡ ತಮ್ಮ ಚಿಕ್ಕಸ್ವಾಮಿ ಅರಕೆರೆಯಿಂದ ಹಬ್ಬದ ಹಿಂದಿನ ದಿನವೇ ಕಳಿಸುವನು, ಸಣ್ಣ ತಮ್ಮ ಶಿವಶಂಕರ ಪೇಟೆಯ ಗೊಬ್ಬರದಂಗಡಿಯಿಂದ ಹಬ್ಬದ ದಿನ ಕಳಿಸುವನು. ಒಬ್ಬನ ಮೊರ ಇನ್ನೊಬ್ಬನ ಮೊರದ ಮುಖ ನೋಡಬಾರದು ಅನ್ನುವಷ್ಟು ಹಗೆ.

"ನನ್ ತಮ್ಮಂದ್ರು ಮಾತಾಡವ್ರೆ ಕಣಪ್ಪ," ಅಂದಳು ದೊಡ್ಡತಾಯಮ್ಮ.

ಕರೀಗೌಡ ಹೆಗಲ ಟವಲಿನಿಂದ ಬೆವರು ಒರೆಸಿಕೊಂಡ. "ಆ ಬಡ್ಡೆತ್ತೋವು ಸುಮ್ ಸುಮ್ನೆ ಮಾತಾಡೋವಲ್ಲ. ಏನೋ ಲಾಭ ಇರ್ಬೇಕು ನೋಡು."

ಲಾಭ ಏನೆಂದು ತಿಳಿಯುವುದಕ್ಕೆ ಮುದ್ದೆ ಬೇಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮಗನ ಮಗಳು ಸ್ನೇಹ, ಆದಿಚುಂಚನಗಿರಿಯ ಆಸ್ಪತ್ರೆಯ ಆಫೀಸಿನಲ್ಲಿ ಕೆಲಸ ಮಾಡುವವಳು, ಹಬ್ಬದ ರಜೆಗೆ ಮನೆಯಲ್ಲಿದ್ದಳು. ಫೋನು ನೋಡುತ್ತ ನೋಡುತ್ತ ಅಡುಗೆಮನೆಯ ಬಾಗಿಲಿಗೆ ಬಂದು, "ಅಜ್ಜಿ, ಇದು ನಿಮ್ಮಪ್ಪನ ಕಾರಲ್ವಾ?" ಎಂದು ಮುಂದೆ ಹಿಡಿದಳು.

ದೊಡ್ಡತಾಯಮ್ಮನ ಅಪ್ಪನ ಕಾರೇ. ಫಿಯಟ್ಟು. ಬೂದಿ ಬಣ್ಣ ಅಲ್ಲಲ್ಲಿ ಕಿತ್ತು ತುಕ್ಕು ಕಂಡಿದೆ. ಮೂತಿಗೆ ಸೇವಂತಿಗೆ ಹಾರ ಹಾಕಿದ್ದಾರೆ. ಒಂದು ಕಡೆ ಚಿಕ್ಕಸ್ವಾಮಿ, ಇನ್ನೊಂದು ಕಡೆ ಶಿವಶಂಕರ, ಇಬ್ಬರೂ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ. ಶಿವಶಂಕರನ ಮಗ ರಘುನಂದನ್ ಹಾಕಿದ್ದ ಚಿತ್ರ. ಕೆಳಗೆ, 'ತಾತನ ಕಾರಿಗೆ ಇಂದು ಬೀಳ್ಕೊಡುಗೆ' ಎಂದು ಬರೆದಿದ್ದ.

ಸ್ನೇಹ ಅವನಿಗೇ ಫೋನು ಮಾಡಿ ಕೇಳಿದಳು. ಅವನು ಖುಷಿಯಿಂದ ಹೇಳಿದ. ಶ್ರೀರಂಗಪಟ್ಟಣದ ಕಡೆ ಹೊಳೆ ದಂಡೆಯಲ್ಲಿ ಒಂದು ರೆಸಾರ್ಟು ಆಗುತ್ತಿದೆ. ಅವರಿಗೆ ಹಳೇ ಕಾರು ಬೇಕಂತೆ. ಹುಲ್ಲುಹಾಸಿನ ಮೇಲೆ ನಿಲ್ಲಿಸಿ, ಇಂಜಿನ್ನು ತೆಗೆದು ಬಾನೆಟ್ಟಿನೊಳಗೆ ಮಣ್ಣು ತುಂಬಿ ಹೂಗಿಡ ಹಾಕುತ್ತಾರಂತೆ. ಬಂದವರು ಒಳಗೆ ಕೂತು ಫೋಟೋ ತೆಗೆಸಿಕೊಳ್ಳಬಹುದು. ಲಾರಿ ಮಧ್ಯಾಹ್ನ ಬರುತ್ತದೆ.

ದೊಡ್ಡತಾಯಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಎದ್ದಳು. ಕೈ ತೊಳೆಯಲಿಲ್ಲ. ಬಿಚ್ಚಿದ್ದ ಚೀಲದ ಬಾಯನ್ನು ಮತ್ತೆ ಬಿಗಿದು ಕಟ್ಟಿದಳು.

"ನಿನ್ ಕಾರು ತೆಗಿ ಮಗ."

"ಎಲ್ಲಿಗಜ್ಜಿ? ಪೂಜೆ ಮಾಡ್ಬೇಕಲ್ಲ?"

"ಗೌರವ್ವ ಕಾಯ್ತಾಳೆ. ಲಾರಿ ಕಾಯಲ್ಲ."

ಸ್ನೇಹಳ ಮಾರುತಿ ನಾಗಮಂಗಲದ ಕಡೆಯ ರಸ್ತೆ ಬಿಟ್ಟು ಪಾಂಡವಪುರದ ಕಡೆ ತಿರುಗಿತು. ಪಕ್ಕದಲ್ಲಿ ದೊಡ್ಡತಾಯಮ್ಮ ತೊಡೆಯ ಮೇಲೆ ಬಾಗಿನದ ಚೀಲ ಇಟ್ಟುಕೊಂಡು ಕಲ್ಲಿನಂತೆ ಕೂತಿದ್ದಳು. ಅವಳ ಬಲಗೈ ಮಾತ್ರ ಸುಮ್ಮನಿರಲಿಲ್ಲ. ಸ್ನೇಹ ಕ್ಲಚ್ಚು ತುಳಿದಾಗಲೆಲ್ಲ ಆ ಕೈಬೆರಳು ತಾವಾಗಿಯೇ ಮುದುರುತ್ತಿದ್ದವು. ಸ್ನೇಹ ಚಿಕ್ಕಂದಿನಿಂದ ಅದನ್ನು ನೋಡಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದಾಗಲೂ ಅಜ್ಜಿ ಹಾಗೆಯೇ.

ಆ ಕೈಯ ಕತೆ ಹೇಳದೆ ಆ ಕಾರಿನ ಕತೆ ಹೇಳುವುದಕ್ಕೆ ಆಗುವುದಿಲ್ಲ.

ದೊಡ್ಡತಾಯಮ್ಮನ ಅಪ್ಪ ದ್ಯಾವಯ್ಯ ಅರಕೆರೆಯಲ್ಲಿ ನಾಲೆ ಬಯಲಿನ ಗದ್ದೆ, ಕಬ್ಬು, ಒಂದು ಆಲೆಮನೆ ಇದ್ದ ರೈತ. ಒಮ್ಮೆ ಮೈಸೂರಿನಲ್ಲಿ ಬೆಲ್ಲದ ಮಂಡಿಯ ಸೇಟಿನ ಫಿಯಟ್ಟಿನಲ್ಲಿ ಕೂತು ಬಂದವನಿಗೆ ಅದೇ ಹುಚ್ಚು ಹಿಡಿಯಿತು. ಆಗ ಅಂಗಡಿಗೆ ಹೋಗಿ ಕಾರು ತರುವ ಕಾಲವಲ್ಲ. ಮುಂಗಡ ಕಟ್ಟಿ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಇಟಲಿ ದೇಶದ ಕಂಪನಿ, ಬೊಂಬಾಯಿಯ ಕಾರ್ಖಾನೆಯಲ್ಲಿ ತಯಾರು. ಅಲ್ಲಿಂದ ಇಳಿದು ಬರುವುದೆಂದರೆ ಬೇರೆ ರಾಜ್ಯದಿಂದ ಹೆಣ್ಣು ತಂದಷ್ಟು ಸಡಗರ. ಊರಿನವರು ದ್ಯಾವಯ್ಯನನ್ನು ಕಂಡಾಗಲೆಲ್ಲ, "ಏನಣ್ಣ, ನಿನ್ ಕಾರು ಎಲ್ಲಿಗೆ ಬಂದದೆ, ಪೂನಾ ದಾಟ್ತಾ?" ಎಂದು ರೇಗಿಸುತ್ತಿದ್ದರು.

ಕಾರು ಬರುವುದಕ್ಕೆ ಮುಂಚೆ ಆಗಬಾರದ್ದು ಆಯಿತು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ದ್ಯಾವಯ್ಯನ ಎಡಗೈ ರೋಲರಿಗೆ ಸಿಕ್ಕಿ, ಮಣಿಕಟ್ಟಿನಿಂದ ಮುಂದಕ್ಕೆ ಬೆರಳೆಲ್ಲ ಸತ್ತುಹೋದವು. ಗಾಯ ಮಾಗುವ ಹೊತ್ತಿಗೆ ಕಾರು ಬಂದಿದೆಯೆಂದು ಕಾಗದ ಬಂತು. ಬಿಟ್ಟುಬಿಡು ಎಂದರು ಎಲ್ಲರೂ. ಗೇರಿನ ಕಡ್ಡಿ ಸ್ಟೇರಿಂಗಿನ ಎಡಗಡೆಗೇ ಇರುವ ಗಾಡಿ ಅದು. ಎಡಗೈ ಇಲ್ಲದವನು ಏನು ಮಾಡುತ್ತಾನೆ? ದ್ಯಾವಯ್ಯ ಯಾರ ಮಾತೂ ಕೇಳಲಿಲ್ಲ. ಲೈಸೆನ್ಸನ್ನು ಕೈ ಚೆನ್ನಾಗಿದ್ದಾಗಲೇ ಮಾಡಿಸಿಟ್ಟಿದ್ದ. ಮೈಸೂರಿನಿಂದ ಒಬ್ಬ ಡ್ರೈವರನ್ನು ಕರೆತಂದ. ಅವನು ಯಜಮಾನನನ್ನು ಹಿಂದೆ ಕೂರಿಸಿಕೊಂಡು ತಾನೇ ಯಜಮಾನನಂತೆ ಮೀಸೆ ತಿರುವುತ್ತಿದ್ದ. ಒಂದು ದಿನ ದ್ಯಾವಯ್ಯನಿಗೆ ರೇಗಿ ಅವನನ್ನು ದಾರಿಯಲ್ಲೇ ಇಳಿಸಿದ. ಹಿಂದೆ ಕೂತಿದ್ದ ಮಗಳನ್ನು, ಲಂಗ ದಾವಣಿಯ ಹುಡುಗಿಯನ್ನು, ಮುಂದಕ್ಕೆ ಕರೆದ. ಫಿಯಟ್ಟಿನ ಮುಂದಿನ ಸೀಟು ಜಗಲಿಯಂತೆ ಒಂದೇ ಉದ್ದಕ್ಕೆ ಇರುತ್ತಿತ್ತು. ನಡುವೆ ಏನೂ ಅಡ್ಡ ಇಲ್ಲ.

"ಅತ್ರುಕೆ ಬಾ ತಾಯಿ. ನಾನು ಕ್ಲಚ್ಚು ತುಳಿದು ಊಂ ಅಂತೀನಿ. ನೀನು ಕಡ್ಡಿ ಎಳಿ."

ಅಷ್ಟೇ ಪಾಠ. ಮೊದಲ ದಿನ ಗೇರು ಕರಕರ ಎಂದು ಹಲ್ಲು ಕಡಿಯಿತು. ತಿಂಗಳು ಕಳೆಯುವುದರೊಳಗೆ, ಅಪ್ಪ ಊಂ ಅನ್ನುವುದಕ್ಕೆ ಮುಂಚೆಯೇ ಇಂಜಿನ್ನಿನ ಸದ್ದು ಕೇಳಿ ಅವಳ ಬಲಗೈ ಕಡ್ಡಿಯ ಮೇಲಿರುತ್ತಿತ್ತು. ಅಪ್ಪ ಬಲಗೈಯಲ್ಲಿ ಸ್ಟೇರಿಂಗು ಹಿಡಿದು, ಸತ್ತ ಕೈಯ ಮಣಿಕಟ್ಟನ್ನು ಅಂಚಿಗೆ ಒತ್ತಿ ಕೂರುವನು. ಅವಳು ಪಕ್ಕದಲ್ಲಿ ಅಪ್ಪನ ಎಡಗೈಯಾಗಿ ಕೂರುವಳು. ಹೀಗೆ ಇಬ್ಬರು ಸೇರಿ ಒಂದು ಕಾರು ಓಡಿಸಿದರು. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ, ಪೇಟೆಯ ಸಂತೆಗೆ, ನಾಗಮಂಗಲದ ನೆಂಟರ ಮನೆಗೆ. ಬಿಸಿಲಲ್ಲಿ ಕಾರು ಮುಷ್ಕರ ಹೂಡಿದರೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅದಕ್ಕೆ ಗಾಳಿ ಬೀಸಿ ಸಮಾಧಾನ ಮಾಡುವುದೂ ಅವಳ ಕೆಲಸ. ಊರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ, "ದ್ಯಾವಣ್ಣನ್ನೂ ಅವನ ಮಗಳನ್ನೂ ಎಬ್ಬಿಸ್ರಲಾ" ಎಂದು ಓಡಿ ಬರುವರು. ಅಪ್ಪನೊಬ್ಬನನ್ನೇ ಎಬ್ಬಿಸಿದರೆ ಕಾರು ಬಾಗಿಲು ದಾಟುವುದಿಲ್ಲವೆಂದು ಊರಿಗೇ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಅವಳ ತಮ್ಮಂದಿರಿಗೆ ಮಾತ್ರ. ಅಥವಾ ಗೊತ್ತಿದ್ದೂ ಮರೆತರು. ದೊಡ್ಡತಾಯಮ್ಮನಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಮದುವೆಯ ದಿನ ಅವಳು ಧಾರೆ ಸೀರೆಯಲ್ಲಿ, ಕೈತುಂಬ ಹಸಿರು ಬಳೆಯಲ್ಲಿ, ಅದೇ ಜಾಗದಲ್ಲಿ ಕೂತು ಗೇರು ಹಾಕುತ್ತಲೇ ಗಂಡನ ಮನೆಗೆ ಬಂದಳು. ಮದುಮಗ ಕರೀಗೌಡ ಕಳಸಗಿತ್ತಿಯ ಜೊತೆ ಹಿಂದಿನ ಸೀಟಿನಲ್ಲಿ. ಹೊಣಕೆರೆಯ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಹೆಣ್ಣು ಇಳಿಸಿದ ಮೇಲೆ ಅಪ್ಪ ಹಿಂತಿರುಗುವಾಗ ಅವಳ ಜಾಗದಲ್ಲಿ ಚಿಕ್ಕಸ್ವಾಮಿ ಕೂತ. ಮೀಸೆ ಚಿಗುರುತ್ತಿದ್ದ ವಯಸ್ಸು. ಅವನು ಕಡ್ಡಿ ಎಳೆದದ್ದಕ್ಕೆ ಗೇರು ಅರಚಿಕೊಂಡ ಸದ್ದು ಕೆರೆ ಏರಿಯ ತಿರುವಿನ ತನಕ ಕೇಳಿಸಿತು. ತವರು ಬಿಟ್ಟು ಬಂದ ಹೆಣ್ಣು ಅತ್ತದ್ದು ಆ ಸದ್ದಿಗೆ.

ಇನ್ನೊಂದು ದಿನವನ್ನು ಅವಳು ಯಾರ ಮುಂದೆಯೂ ಹೆಚ್ಚು ಹೇಳಿಕೊಂಡವಳಲ್ಲ. ಮೊದಲ ಬಸುರಿ, ದಿನ ತುಂಬಿತ್ತು. ತವರಿಗೆ ಕರೆದೊಯ್ಯಲು ಬರಬೇಕಾಗಿದ್ದ ದಿನ ಚಿಕ್ಕಸ್ವಾಮಿ ಯಾವುದೋ ಕಬಡ್ಡಿ ಪಂದ್ಯಕ್ಕೆ ಹೋಗಿಬಿಟ್ಟಿದ್ದ. ಅಪ್ಪ ಒಬ್ಬನೇ ಬಂದ. ಅರಕೆರೆಯಿಂದ ಹೊಣಕೆರೆಯವರೆಗೆ, ಶ್ರೀರಂಗಪಟ್ಟಣ ಹಾದು, ಪಾಂಡವಪುರ ಹಾದು, ಎರಡನೇ ಗೇರಿನಲ್ಲೇ. ಓಡುವಾಗ ಬಲಗೈ ಬಿಡುವ ಹಾಗಿಲ್ಲ, ಹಾಗಾಗಿ ನಿಂತಲ್ಲೇ ಬಲಗೈ ಚಾಚಿ ಎರಡನೇ ಗೇರಿಗೆ ಹಾಕಿಕೊಂಡು, ಎತ್ತಿನ ಗಾಡಿಗಿಂತ ಚೂರು ಜೋರಾಗಿ, ಬೆಳಕು ಹರಿಯುವ ಮುಂಚೆ ಹೊರಟವನು ಊಟದ ಹೊತ್ತಿಗೆ ತಲುಪಿದ್ದ. ರೇಡಿಯೇಟರಿನಲ್ಲಿ ನೀರು ಕುದಿಯುತ್ತಿತ್ತು. ಅಪ್ಪನ ಅಂಗಿ ಹಿಂಡಿದರೆ ಅರ್ಧ ಕೊಡ ಬೆವರು. ಅವಳು ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತಾಗ ಅವನು ಕ್ಲಚ್ಚು ತುಳಿದ. ಊಂ ಅಂದ. ಅವಳು ಕಡ್ಡಿ ಎಳೆದಳು. ನಾಲ್ಕನೇ ಗೇರಿಗೆ ಬಿದ್ದು ಕಾರು ಉಸಿರು ಬಿಟ್ಟಾಗ ಅಪ್ಪನ ಕಣ್ಣಲ್ಲಿ ನೀರಿತ್ತು.

ದ್ಯಾವಯ್ಯ ತೀರಿಕೊಂಡ ಮೇಲೆ ತಮ್ಮಂದಿರು ಪಾಲಿಗೆ ನಿಂತರು. ಗದ್ದೆ, ತೆಂಗಿನ ಮರ, ಹಸು, ಹಿತ್ತಲು, ಕೊನೆಗೆ ಹಂಡೆ ಚರಿಗೆ ಎಲ್ಲ ಎರಡು ಭಾಗ. ಉಳಿದದ್ದು ಫಿಯಟ್ಟು. ನನಗೆ ಬೇಕು ಅಂತ ಅವನು, ನನಗೆ ಬೇಕು ಅಂತ ಇವನು. ಆ ಹೊತ್ತಿಗೆ ಆ ಕಾರಿನ ಕುಲವೇ ಮುಗಿಯುತ್ತಿತ್ತು. ಬೊಂಬಾಯಿಯಲ್ಲಿ ಅದರ ಹೆಸರು ಬದಲಾಗಿ ಪದ್ಮಿನಿಯಾಗಿ, ಆ ಪದ್ಮಿನಿ ಕೂಡ ನಿಂತುಹೋಗಿತ್ತು. ಮುಂದೆ ಆ ಇಟಲಿಯ ಹೆಸರು ಹೊತ್ತು ಬೇರೆ ಬೇರೆ ಕಾರು ಬಂದವು, ಅವೂ ನಿಂತವು. ಈಗಂತೂ ಈ ದೇಶದಲ್ಲಿ ಫಿಯಟ್ಟೆಂದು ಹೆಸರಿಟ್ಟ ಹೊಸ ಕಾರೇ ಇಲ್ಲ. ಆಗ ಪಂಚಾಯ್ತಿಗೆ ಕೂತಿದ್ದ ಹಿರಿಯರು ಬಹಳ ಬುದ್ಧಿವಂತರು. ಎಲೆಯಡಿಕೆ ಜಗಿದು ಜಗಿದು ತೀರ್ಮಾನ ಕೊಟ್ಟರು. ಕಾರು ಚಿಕ್ಕಸ್ವಾಮಿಯ ಅಂಗಳದಲ್ಲಿ ಇರಲಿ, ಕೀಲಿ ಶಿವಶಂಕರನ ಹತ್ತಿರ ಇರಲಿ. ಒಬ್ಬನಿಗೆ ಇನ್ನೊಬ್ಬ ಬೇಕಾಗುತ್ತಾನೆ, ಅಣ್ಣತಮ್ಮಂದಿರು ಒಟ್ಟಿಗೆ ಇರುತ್ತಾರೆ.

ಮಜ್ಜಿಗೆ ಕೊಡುತ್ತ ನಿಂತಿದ್ದ ದೊಡ್ಡತಾಯಮ್ಮ ಆವತ್ತು ಬಾಯಿ ಬಿಟ್ಟಳು. "ನಂಗೆ ಗದ್ದೆ ಬ್ಯಾಡ, ತ್ವಾಟ ಬ್ಯಾಡ. ಎಲ್ಲಕ್ಕೂ ರುಜು ಆಕ್ಕೊಡ್ತೀನಿ. ಕಾರು ನಂಗೆ ಕೊಟ್ಬುಡಿ."

ಪಂಚಾಯ್ತಿಯೇ ನಕ್ಕಿತು. "ಏನವ್ವ, ಕಾರಲ್ಲಿ ಗೊಬ್ಬರ ಒಡೀತೀಯಾ?" ಅಂದ ಒಬ್ಬ ಮುದುಕ. ತಮ್ಮಂದಿರೂ ನಕ್ಕರು. ಈ ಹಬ್ಬದ ಫೋಟೋಗೆ ಮುಂಚೆ ಅವರು ಕೊನೆಯ ಸಾರಿ ಒಟ್ಟಿಗೆ ನಕ್ಕದ್ದು ಆವತ್ತು. ಅವಳಿಗೆ ಅರಿಶಿನ ಕುಂಕುಮಕ್ಕೆ ಒಂದು ರೇಷ್ಮೆ ಸೀರೆ ಕೊಟ್ಟು, ಹಕ್ಕು ಬಿಟ್ಟೆನೆಂದು ರುಜು ಹಾಕಿಸಿಕೊಂಡರು. ಆ ಸೀರೆಯನ್ನು ಅವಳು ಇವತ್ತಿಗೂ ಮಡಿಕೆ ಬಿಚ್ಚಿಲ್ಲ.

ಹಿರಿಯರ ಲೆಕ್ಕ ಉಲ್ಟಾ ಆಯಿತು. ಕೀಲಿ ಕೇಳಲು ಇವನು ಹೋಗಲಿಲ್ಲ, ಕಾರು ಕೇಳಲು ಅವನು ಬರಲಿಲ್ಲ. ಬೇರೆ ಕೀಲಿ ಮಾಡಿಸು ಎಂದರೆ ಚಿಕ್ಕಸ್ವಾಮಿ, "ನಮ್ಮಪ್ಪನ ಕಾರಿಗೆ ಕಳ್ಳ ಕೀಲಿ ಆಕೋಕೆ ನಾನೇನು ಕಳ್ಳನಾ?" ಅನ್ನುವನು. ಕಾರು ತಗಡಿನ ಕೊಟ್ಟಿಗೆಯಲ್ಲಿ ನಿಂತಲ್ಲೇ ನಿಂತು, ಗಾಳಿ ಹೋಗಿ, ಚಕ್ರ ನೆಲಕ್ಕೆ ಕೂತಿತು.

"ಅಜ್ಜಿ," ಅಂದಳು ಸ್ನೇಹ ಶ್ರೀರಂಗಪಟ್ಟಣದ ಸೇತುವೆ ದಾಟುವಾಗ. "ಈಗ ಹೆಣ್ಮಕ್ಳಿಗೂ ಪಾಲು ಕೊಡ್ಬೇಕು ಅಂತ ಕಾನೂನೈತೆ."

"ಕಾನೂನು ತಕ್ಕೊಂಡು ಏನ್ಮಾಡ್ಲಿ ಮಗ. ನಂಗೆ ಆ ಕಡ್ಡಿ ಬೇಕು."

ಅರಕೆರೆಯ ಅಂಗಳದಲ್ಲಿ ಲಾರಿ ಆಗಲೇ ಬಂದು ನಿಂತಿತ್ತು. ಫಿಯಟ್ಟಿನ ಚಕ್ರಗಳಿಗೆ ಹೇಗೋ ಗಾಳಿ ತುಂಬಿದ್ದರು. ಮುಂದಿನ ಕಂಬಿಗೆ ಹಗ್ಗ ಕಟ್ಟಿ ನಾಲ್ಕು ಆಳು ಎಳೆಯುತ್ತಿದ್ದರು. ಕಾರು ಜಗ್ಗುತ್ತಿರಲಿಲ್ಲ. ಶಿವಶಂಕರ ಬೆರಳಲ್ಲಿ ಕೀಲಿ ತಿರುಗಿಸುತ್ತ ನಿಂತಿದ್ದ. ಚಿಕ್ಕಸ್ವಾಮಿ ಹಿಂದಿನ ಸೀಟಿನಿಂದ ಒಂದು ಕಾವು ಕೂತ ಕೋಳಿಯನ್ನು ಎತ್ತಿ ಆಚೆ ಬಿಡುತ್ತಿದ್ದ.

"ಅಕ್ಕ, ನೀನ್ಯಾಕೆ ಬರೋಕೋದೆ, ಅಬ್ಬುದ್ ದಿನ," ಅಂದ ಚಿಕ್ಕಸ್ವಾಮಿ. "ಬಾಗ್ನ ಬಂತಾ?"

ದೊಡ್ಡತಾಯಮ್ಮ ನೇರ ಕಾರಿನ ಹತ್ತಿರ ಹೋದಳು. ಹಾರ ಹಾಕಿದ ಬಾನೆಟ್ಟಿನ ಮೇಲೆ ಚೀಲ ಇಟ್ಟಳು. ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದಳು. ಅದು ಕೀರಲು ದನಿಯಲ್ಲಿ ತೆರೆದುಕೊಂಡಿತು. ಕೋಳಿಪುಕ್ಕ, ಇಲಿಹಿಕ್ಕೆ, ಹರಿದ ರೆಕ್ಸಿನ್ನು ಯಾವುದನ್ನೂ ಒರೆಸದೆ ತನ್ನ ಜಾಗದಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ಈಗ ಎಳೀರ್ಲಾ," ಅಂದಳು.

ಆಳುಗಳು ಹಗ್ಗ ಬಿಟ್ಟರು.

"ಅಕ್ಕ, ಇದೇನ್ ಚಂದ," ಶಿವಶಂಕರ ಕಿಟಕಿಗೆ ಬಗ್ಗಿದ. "ಜನ ನೋಡ್ತಾವ್ರೆ. ಇಳಿ."

"ನೋಡ್ಲಿ. ಪಾಲು ಮಾಡ್ಕೊಂಡ್ ದಿವ್ಸಾನೂ ಜನ ನೋಡ್ತಿದ್ರು. ನೀವು ಕಿಸ್ಕಂಡು ನಗ್ತಿದ್ರಿ."

"ಅಯ್ಯೋ, ಅದ್ಯಾವ ಕಾಲದ್ದು..."

"ನಿಂಗೆ ಯಾವ ಕಾಲದ್ದೋ. ನಂಗೆ ನೆನ್ನೆದು."

ಚಿಕ್ಕಸ್ವಾಮಿಗೂ ಸಿಟ್ಟು ಬಂತು. ಅವನದ್ದೂ ಅದೇ ರಕ್ತ. "ಏನಕ್ಕ ನಿಂದು? ಇಷ್ಟು ವರ್ಸ ಈ ತುಕ್ಕಿನ ಡಬ್ಬ ಇಟ್ಕೊಂಡು ಜಾಗ ಬುಟ್ಟಿದ್ದೋನು ನಾನು. ಅಪ್ಪ ಓಡುಸ್ತಿದ್ದ ಕಾರು, ಗಂಡ್ಮಕ್ಳಿಗೆ ಬಂತು. ನಾವು ಮಾರ್ತೀವಿ, ಮಡಿಕತೀವಿ. ನಿನ್ನದೇನೈತೆ ಇದ್ರಾಗೆ?"

"ಅಪ್ಪ ಓಡುಸ್ತಿದ್ನಾ?"

"ಇನ್ಯಾರು ಓಡುಸ್ತಿದ್ರು?"

"ಅಪ್ಪ ಎಡಗೈಲಿ ಗೇರು ಆಕ್ತಿದ್ದ ಅಂತ ಏಳ್ಬುಡು ಚಿಕ್ಕ. ಈಗ್ಲೇ ಇಳೀತೀನಿ."

ಚಿಕ್ಕಸ್ವಾಮಿ ಸೋತೆ ಅನ್ನುವ ಗಂಡಸಲ್ಲ. "ಗೇರು ಆಕ್ಬುಟ್ರೆ ಕಾರು ನಿಂದಾಗೋಯ್ತದಾ?"

"ಇಲ್ಲ ಕಣ್ಲಾ. ಜಾಗ ಕೊಟ್ರೆ ನಿಂದಾಯ್ತದೆ. ಕೀಲಿ ಜೋಬಲ್ಲಿ ಮಡಿಕಂಡ್ರೆ ಅವನ್ದಾಯ್ತದೆ. ಇದು ಓಡುದ್ದು ನನ್ ಕೈಲಿ. ನೀವಿಬ್ರೂ ಈ ಭೂಮಿಗೆ ಬರೋಕೆ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡೋಯ್ತು ಅಂತೀನಾ? ಇಲ್ಲ, ನೀವು ಮುಂಚೇನೇ ಉಟ್ಟಿದ್ರಿ. ಆದ್ರೆ ಅವ್ವನ್ನ ಕೊನೇಗೆ ಕರ್ಕೊಂಡೋಗಿದ್ದು ಇದ್ರಲ್ಲೇ. ಇಂದುಗಡೆ ಸೀಟಲ್ಲಿ ಇಬ್ರೂ ಅಳ್ತಾ ಕೂತಿದ್ರಿ. ನಾನು ಅಳೋ ಅಂಗಿರ್ಲಿಲ್ಲ. ನನ್ ಕಣ್ಣು ಮಂಜಾದ್ರೆ ಅಪ್ಪನಿಗೆ ಗೇರಿಲ್ಲ. ಅದು ಗ್ಯಾಪ್ಕ ಇಲ್ವಾ ನಿಮಗೆ?"

ಲಾರಿಯ ಡ್ರೈವರು, "ಅಜ್ಜಿ, ಬಾಡಿಗೆ ಮಾತಾಡಿ ಬಂದಿರೋನು ನಾನು, ನಂಗೂ ಅಬ್ಬ ಐತೆ," ಎಂದು ಗೊಣಗಿದ.

"ಅವರ್ನ ಕೇಳಪ್ಪ. ನನ್ನನ್ನೂ ಸೇರ್ಸಿ ಮಾರವ್ರಾ ಅಂತ. ಮಾರಿದ್ರೆ ಎತ್ತಿ ಆಕ್ಕೊ. ಬಾನೆಟ್ಟಲ್ಲಿ ಊವಿನ ಗಿಡ ನೆಡ್ತಾರಂತಲ್ಲ, ನಾನು ಇಲ್ಲೇ ಕೂತು ನೀರು ಉಯ್ಕೊಂಡಿರ್ತೀನಿ."

ಯಾವನೋ ಆಳು ಕಿಸಕ್ಕನೆ ನಕ್ಕ. ಶಿವಶಂಕರ ಅವನನ್ನು ದುರುಗುಟ್ಟಿಕೊಂಡು ನೋಡಿ, ಆಮೇಲೆ ದನಿ ತಗ್ಗಿಸಿದ. "ಅಕ್ಕ, ಅವರಿಗೆ ಮಾತು ಕೊಟ್ಬುಟ್ಟೀವಿ. ನಿಂಗೆ ಬೇರೆ ಏನು ಬೇಕು ಏಳು. ಸೀರೆ ಕೊಡುಸ್ತೀನಿ. ಈ ಸಾರಿ ಒಳ್ಳೇದೇ ತರ್ತೀನಿ."

ಸೀರೆ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡತಾಯಮ್ಮನ ಮುಖ ಕಪ್ಪಾಯಿತು. ಅವಳು ಕಿರುಚಲಿಲ್ಲ. ಕಿಟಕಿಯಿಂದ ಕೈ ಚಾಚಿ ಬಾನೆಟ್ಟಿನ ಮೇಲಿದ್ದ ಚೀಲವನ್ನು ತೋರಿಸಿದಳು.

"ಅದ್ರಲ್ಲಿ ನೀವು ಕಳ್ಸಿದ್ ಬಾಗ್ನ ಐತೆ. ಮೊರ ಬಿಚ್ಚಿಲ್ಲ. ನಾನು ಅದನ್ನ ವಾಪಸ್ ತಂದಿವ್ನಿ."

ತಂದ ಚೀಲದೊಳಗೆ ಏನಿದೆಯೆಂದು ಅಷ್ಟು ಹೊತ್ತೂ ಯಾರೂ ಯೋಚಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿಯ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಗೌರಿ ಹಬ್ಬದ ದಿನ ಮಗಳು ಬಾಗಿನ ಹಿಂದಕ್ಕೆ ಇಟ್ಟಳೆಂದರೆ ತವರಿನ ಹೊಸಿಲು ಅವಳ ಪಾಲಿಗೆ ಮುಗಿಯಿತು. ಅವಳು ಸತ್ತರೆ ತವರಿನ ಸೀರೆ ಹೋಗುವಂತಿಲ್ಲ. ಇವರು ಸತ್ತರೆ ಅವಳು ಬರುವಂತಿಲ್ಲ. ಆ ಮನೆಯ ಹೆಣ್ಣುಮಕ್ಕಳ ಕಣ್ಣೀರು ಆ ಮನೆಯ ಮೇಲೆ ಉಳಿಯುತ್ತದೆಂದು ಆ ಕಡೆಯ ಜನ ಇವತ್ತಿಗೂ ಹೆದರುತ್ತಾರೆ.

"ಅಕ್ಕ, ಅಂಗನ್ಬ್ಯಾಡ," ಅಂದ ಚಿಕ್ಕಸ್ವಾಮಿ.

"ಈ ಕಾರ್ನ ಬಾಗ್ನ ಅಂತ ಕೊಡಿ, ತವರು ಉಳೀತದೆ. ಈ ಮೊರ ಒಳಕ್ಕೆ ತಕ್ಕೊಳ್ಳಿ, ತವರು ಹೋಯ್ತದೆ. ಯಾವುದು ಬೇಕೋ ನೋಡ್ಕೊಳ್ರಪ್ಪ. ನಂಗೆ ಮನೇಲಿ ಪೂಜೆ ಐತೆ."

ಬಿಸಿಲು ತಗಡಿನ ಮೇಲೆ ಚಟಪಟ ಅನ್ನುತ್ತಿತ್ತು. ಕೊನೆಗೆ ಶಿವಶಂಕರ ಬೆರಳಿನಿಂದ ಕೀಲಿಯ ಉಂಗುರ ತೆಗೆದ. ಅಣ್ಣನ ಮುಖ ನೋಡಿದ. ಚಿಕ್ಕಸ್ವಾಮಿ ಅವನನ್ನು ನೋಡದೆ ನೆಲ ನೋಡುತ್ತ ತಲೆ ಆಡಿಸಿದ. ಶಿವಶಂಕರ ಚೀಲ ಬಿಚ್ಚಿ, ಮೇಲಿನ ಮೊರ ಓರೆ ಮಾಡಿ, ಅರಿಶಿನ ಬಳೆಗಳ ನಡುವೆ ಕೀಲಿ ಇಟ್ಟು, ಮತ್ತೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಕಿಟಕಿಯಿಂದ ಅವಳ ತೊಡೆಯ ಮೇಲಿಟ್ಟ.

ದೊಡ್ಡತಾಯಮ್ಮ ಹರಸಲಿಲ್ಲ. "ಲಾರಿನೋನ್ಗೆ ಏಳಿ, ಪಟ್ಟಣಕ್ಕೆ ಇಳಿಸೋಕೆ. ಮೆಕಾನಿಕ್ ಇನಾಯತ್ ಸಾಬ್ರ ಶೆಡ್ಗೆ. ಬಾಡಿಗೆ ನಿಮ್ದೇ," ಅಂದಳು.

ಕಾರು ಆದರೂ ಜಗ್ಗಲಿಲ್ಲ. ಆಳುಗಳು ಮತ್ತೆ ಎಳೆದರು. ಇಷ್ಟು ವರ್ಷವೂ ಅದು ಗೇರಿನಲ್ಲೇ ನಿಂತಿತ್ತು. ಕಡ್ಡಿ ಅಂಟಿಹೋಗಿತ್ತು.

"ಒಬ್ಬ ಕ್ಲಚ್ಚು ತುಳೀಬೇಕು," ಅಂದಳು ಅವಳು, ಮುಂದಕ್ಕೆ ನೋಡುತ್ತ. "ಚಿಕ್ಕ, ಒಳಕ್ಕೆ ಅತ್ತು."

ಚಿಕ್ಕಸ್ವಾಮಿ ಪಂಚೆ ಎತ್ತಿ ಕಟ್ಟಿ ಸ್ಟೇರಿಂಗಿನ ಹಿಂದೆ ಕೂತ. ಆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಅವನು ಕ್ಲಚ್ಚು ತುಳಿದ, ಅದು ಇಳಿಯಲಿಲ್ಲ. ಎರಡೂ ಕಾಲು ಹಾಕಿ ತುಳಿದ. ಏನೋ ಕಳಚಿಕೊಂಡಂತೆ ಸದ್ದಾಗಿ ಪೆಡಲು ನೆಲಕ್ಕೆ ಹೋಯಿತು. ಅವನು, ತನಗೇ ಗೊತ್ತಿಲ್ಲದ ಹಾಗೆ, ಅಪ್ಪನ ದನಿಯಲ್ಲೇ, ಊಂ ಅಂದ.

ಅವಳ ಕೈ ಕಡ್ಡಿ ಎಳೆದಾಗಿತ್ತು. ಅದು ಕಟ್ ಎಂದು ಗೇರು ಬಿಟ್ಟು ನಡುವಿಗೆ ಬಂತು. ಕಾರು ಮುಂದಕ್ಕೆ ಒಂದು ಗೇಣು ಉರುಳಿತು.

ಅಕ್ಕ ತಮ್ಮ ಒಂದು ಮಾತಿಗೆ ಕರಗಿಬಿಡಬಹುದಾದ ಗಳಿಗೆ ಅದು. ಚಿಕ್ಕಸ್ವಾಮಿ ಅವಳ ಕಡೆ ತಿರುಗಿ ಏನೋ ಹೇಳಹೋದ. ಕಣ್ಣು ಒದ್ದೆಯಾಗಿತ್ತು.

"ಇಳಿ," ಅಂದಳು ದೊಡ್ಡತಾಯಮ್ಮ. "ಆ ಊಂ ಅಪ್ಪಂದು. ನೀನು ಅದನ್ನ ಕಬಡ್ಡಿ ಆಡೋಕೋದ್ ದಿನಾನೇ ಕಳ್ಕೊಂಡೆ."

ಇನಾಯತ್ ಸಾಬರ ಶೆಡ್ಡಿನಲ್ಲಿ ಫಿಯಟ್ಟು ಸಂಕ್ರಾಂತಿಯವರೆಗೂ ಬಿದ್ದಿತ್ತು. "ಅಮ್ಮಾ, ಸಾಮಾನು ಎಲ್ಲಿಂದ ತರ್ಲಿ, ಕಂಪ್ನಿನೇ ಓಗ್ಬಿಟ್ಟೈತೆ," ಎಂದು ಅವರು ವಾರಕ್ಕೊಮ್ಮೆ ಹಣೆ ಚಚ್ಚಿಕೊಳ್ಳುವರು. "ಕಂಪ್ನಿ ಓದ್ರೆ ಓಗ್ಲಿ ಸಾಬ್ರೆ, ನಾವು ಇದ್ದೀವಲ್ಲ," ಎಂದು ಅವಳು ಗದರುವಳು. ಮೈಸೂರಿನ ಗುಜರಿಯಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು, ಅಂತೂ ಸಾಮಾನು ಸೇರಿದವು. ಕರೀಗೌಡ ಎರಡು ಹಸು ಮಾರಿದ. ಯಾಕೆ ಮಾರಿದೆ ಎಂದು ಮಗ ಕೇಳಿದರೆ, "ಮದ್ವೇಲಿ ಇಂದುಗಡೆ ಕೂರ್ಸಿದ್ರು ಕಣ್ಲಾ. ಮುಂದೆ ಕೂರೋ ಆಸೆ," ಅಂದ.

ಮುಂದೆ ಕೂರಲು ಅವನಿಗೂ ಸಿಗಲಿಲ್ಲ. ಸ್ಟೇರಿಂಗಿನ ಹಿಂದೆ ಸ್ನೇಹ. ಪಕ್ಕದಲ್ಲಿ ಅಜ್ಜಿ.

"ನನ್ ಎಡಗೈ ಚೆನ್ನಾಗೇ ಐತಲ್ಲಜ್ಜಿ. ನಾನೇ ಆಕ್ತೀನಿ ಗೇರು."

"ನಿನ್ ಕೈ ತೊಡೆ ಮ್ಯಾಲೆ ಮಡಿಕ. ತುಳಿ, ಊಂ ಅನ್ನು."

ಮೊದಲ ದಿನವೇ ಅವಳು ಕಾರನ್ನು ಪೇಟೆಗೆ ಬಿಡಿಸಿದಳು. ಸಂತೆಯ ದಿನ. ಗೊಬ್ಬರದಂಗಡಿಯ ಮುಂದೆ ನಿಲ್ಲಿಸಿ ಸ್ನೇಹಳ ಕೈಲಿ ಹಾರ್ನು ಹೊಡೆಸಿದಳು. ಶಿವಶಂಕರ ಗಲ್ಲಾ ಬಿಟ್ಟು ಎದ್ದು ಬಂದ. ಒರೆಸಿದ ಬೂದಿ ಬಣ್ಣ, ಮೂತಿಯ ಮೇಲೆ ಮತ್ತೆ ಹೊಳೆಯುವ ಹೆಸರು, ಅಪ್ಪನ ಕಾಲದ್ದೇ ಸದ್ದು. ಅವನು ಮಗುವಿನ ಹಾಗೆ ನಗುತ್ತ ಬಂದು ಅಕ್ಕನ ಪಕ್ಕದ ಬಾಗಿಲ ಹಿಡಿಗೆ ಕೈ ಹಾಕಿದ.

"ಸರ್ಕೊಳಕ್ಕ, ಒಂದು ರೌಂಡು."

ದೊಡ್ಡತಾಯಮ್ಮ ಸರಿಯಲಿಲ್ಲ. ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದಳು. ಅಲ್ಲಿ ಕರೀಗೌಡ ಮೂಲೆಗೆ ಒತ್ತಿ ಜಾಗ ಮಾಡಿಕೊಟ್ಟ. ತನ್ನನ್ನೇ ನೋಡುತ್ತಿದ್ದ ಸಂತೆಯ ಜನರನ್ನು ಶಿವಶಂಕರ ಒಮ್ಮೆ ನೋಡಿ, ತಲೆ ಬಗ್ಗಿಸಿ ಹಿಂದಿನ ಸೀಟಿಗೆ ಹತ್ತಿದ.

"ಬಾಗ್ಲು ಮೆತ್ಗೆ ಆಕು," ಅಂದಳು ಅವಳು ತಿರುಗಿಯೂ ನೋಡದೆ. "ನಿಮ್ಮಪ್ಪನ ಮನೇದಲ್ಲ ಇದು."

ಸ್ನೇಹ ಊಂ ಅಂದಳು.